ಎತ್ತು ಕಟ್ಟದೆ ದಿಂಬಂ ಏರಿದ ಇಟಲಿ ಕಾರು

ಕಳೆದ ವರ್ಷದ ಮಾತು. ತಾಳವಾಡಿಯ ನನ್ನ ಗ್ಯಾರೇಜನ್ನು ಆಗಲೇ ಮಗಳಿಗೆ ಒಪ್ಪಿಸಿದ್ದೆ. ಮೈಸೂರಿನ ಪಾರ್ವತಮ್ಮನವರು ಫೋನ್ ಮಾಡಿ, ಕೊಯಮತ್ತೂರಿನಲ್ಲಿ ರಿಪೇರಿಯಾದ ತಂದೆಯ ಹಳೆಯ ಇಟಲಿ ರೇಸ್ ಕಾರನ್ನು ದಿಂಬಂ ಘಾಟಿ ಏರಿಸಿಯೇ ಮನೆಗೆ ಒಯ್ಯುತ್ತೇನೆ, ಜೊತೆಗೆ ಬನ್ನಿ ಎಂದರು. ಹಿಂದೊಮ್ಮೆ ಅವರ ತಂದೆ ಅದೇ ಘಾಟಿಯಲ್ಲಿ ನಿಂತುಹೋಗಿ, ಎತ್ತು ಕಟ್ಟಿ ಎಳೆಸಿದ್ದರಂತೆ. ನೆಂಟರು ಕೊನೆತನಕ ಅವರನ್ನು ‘ಎತ್ತಿನ ಕಾರಿನವರು’ ಎಂದೇ ಆಡಿಕೊಂಡರಂತೆ.

ಅದು ಎರಡೇ ಸೀಟಿನ ಕಾರು. ಅಂಥ ಕಾರುಗಳ ಕಾಲದ ಇಟಲಿಯ ರೇಸುಗಳಲ್ಲಿ ಡ್ರೈವರ್ ಪಕ್ಕದಲ್ಲೇ ಮೆಕ್ಯಾನಿಕ್ ಕೂರುತ್ತಿದ್ದ. ಟ್ಯಾಂಕಿನಲ್ಲಿ ಗಾಳಿಯ ಪ್ರೆಷರ್ ಇದ್ದರೆ ಮಾತ್ರ ಪೆಟ್ರೋಲ್ ಎಂಜಿನ್ನಿಗೆ ಏರುತ್ತದೆ. ಪ್ರೆಷರ್ ಇಳಿದರೆ ಅವನು ಕೈಪಂಪು ಒತ್ತಬೇಕು. ಗೆದ್ದ ಡ್ರೈವರುಗಳು ದೊರೆಗಳಂತೆ ಮೆರೆದರು. “ಪಕ್ಕದಲ್ಲಿ ಮಸಿ ಮುಖದವನಿದ್ದಾನಲ್ಲ, ಅವನನ್ನೂ ನೋಡು ಅಂತ ಅಪ್ಪ ರೇಸಿನ ಫೋಟೋ ತೋರಿಸೋರು,” ಎಂದರು ಪಾರ್ವತಮ್ಮ.

ಕೊಯಮತ್ತೂರಿಗೆ ಹೊರಡುವಾಗ, ನಾನು ಲಾರಿ ಕ್ಲೀನರ್ ಆಗಿದ್ದ ಕಾಲದ ಮರದ ತುಂಡನ್ನು ಎತ್ತಿಕೊಂಡೆ. ಏರಿನಲ್ಲಿ ನಿಂತ ಗಾಡಿ ಜಾರದಂತೆ ಹಿಂಚಕ್ರಕ್ಕೆ ಕೊಡುವಂಥದು.

“ಇಟ್ಲಿ ಕಾರು ಸೌದೆ ಉರುಸ್ಕಂಡ್ ಓಯ್ತದಾ?” ಎಂದು ಹೆಂಡತಿ ನಕ್ಕಳು.

ಪಾರ್ವತಮ್ಮ ಸ್ಟೀರಿಂಗ್ ಹಿಡಿದು, ನಾನು ಪಕ್ಕದಲ್ಲಿ ಪಂಪು ಒತ್ತುತ್ತಾ ಅರ್ಧ ಘಾಟಿ ಏರಿದ್ದೆವು. ತಿರುವಿನಲ್ಲಿ ಇಳಿಯುತ್ತಿದ್ದ ಲಾರಿಯೊಂದು ಅಡ್ಡವಾಯಿತು. ಪಾರ್ವತಮ್ಮ ಬ್ರೇಕ್ ತುಳಿದರೂ ಕಾರು ಹಿಂದಕ್ಕೆ ಜಾರತೊಡಗಿತು. ಧುಮುಕಿ ಚಕ್ರಕ್ಕೆ ಮರ ಕೊಟ್ಟೆ. ಅಷ್ಟರಲ್ಲಿ ಪ್ರೆಷರ್ ಇಳಿದು ಎಂಜಿನ್ ಸತ್ತಿತು.

ಲಾರಿ ಹೇಗೋ ಸರಿದು ದಾರಿ ಬಿಟ್ಟು ನಿಂತಿತು. ಅದರ ಕ್ಲೀನರ್ ಸಿದ್ದಣ್ಣ, ನನ್ನ ಹಳೆಯ ಜೊತೆಗಾರ, ಇಳಿದು ಬಂದ. “ಏನ್ಲಾ ಮಾದ, ಅಗ್ಗ ಕಟ್ಟಿ ಎಳಸನಾ?”

ಪಾರ್ವತಮ್ಮನ ಮುಖ ಬಾಡಿತು. “ಹಗ್ಗ ಬೇಡ. ಅಪ್ಪನಿಗೆ ಕಟ್ಟಿದ್ದೇ ಸಾಕು.”

ಆದರೆ ನನಗಿದ್ದದ್ದು ಎರಡೇ ಕೈ. ಕೂತು ಪಂಪು ಒತ್ತಿದರೆ, ಮರ ಹಿಡಿದು ಚಕ್ರದ ಹಿಂದೆ ಬರುವವರಾರು? ಕಾರು ಮತ್ತೆ ಜಾರಿದರೆ ಹಿಂದೆ ಪ್ರಪಾತ. ನಮ್ಮ ಘಾಟಿಯಲ್ಲೊಂದು ಪದ್ಧತಿಯುಂಟು: ನಿಂತ ಗಾಡಿ ಯಾರದೇ ಆಗಲಿ, ಕೈ ಬಿಡುವಿದ್ದವನು ಮರ ಹಿಡಿಯಬೇಕು. ಸಿದ್ದಣ್ಣ ನಾನು ಕೇಳುವ ಮೊದಲೇ ಬಗ್ಗಿದ್ದ.

“ನೀ ಕುಂತ್ಕಂಡು ಪಂಪ್ ಒಡಿ ಕಣ್ಲಾ. ಇಂದ್ಗಡೆ ನಾನಿವ್ನಿ.”

ಒತ್ತಿದೆ. ಎಂಜಿನ್ ಕೆಮ್ಮಿತು, ಆಮೇಲೆ ಗುಡುಗಿತು. ಚಕ್ರ ಉರುಳಿದಂತೆಲ್ಲ ಸಿದ್ದಣ್ಣ ಮರ ಹಿಡಿದು ಹಿಂದೆಯೇ ಓಡಿ ಬಂದ. ತಿರುವು ದಾಟಿ ಕಾರು ವೇಗ ಹಿಡಿದಾಗ ಅವನ ಕೇಕೆ ಮಾತ್ರ ಕೇಳಿಸಿತು. ಅಂಗೈಯಲ್ಲಿ ಬೊಬ್ಬೆ ಎದ್ದರೂ ನಾನು ಪಂಪು ಬಿಡಲಿಲ್ಲ. ದಿಂಬಂ ತುದಿಯಲ್ಲಿ ಪಾರ್ವತಮ್ಮ ಎಂಜಿನ್ ಆರಿಸದೆ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತರು. ಅಲ್ಲೇ ಯಾರೋ ನಮ್ಮಿಬ್ಬರ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದರು. ನನ್ನ ಮುಖವೂ ಮಸಿಯೇ.

ಮಾರನೆಯ ದಿನ ಸಿದ್ದಣ್ಣ ಮರ ತಂದುಕೊಟ್ಟು ಫೋಟೋ ನೋಡಿದ. “ನಾನೆಲ್ಲವ್ನಿ ಇದ್ರಲ್ಲಿ?”

ಸ್ಟೀರಿಂಗ್ ಹಿಡಿದವರ ಪಕ್ಕ ಒಬ್ಬನಿರುತ್ತಾನೆಂದು ಪಾರ್ವತಮ್ಮನ ತಂದೆ ಬಲ್ಲವರಾಗಿದ್ದರು. ಅವನ ಹಿಂದೆ ಇನ್ನೊಬ್ಬ ಓಡಿ ಬರುತ್ತಿರುತ್ತಾನೆಂದು ಕಲಿಸಿದ್ದು ನನ್ನ ಕಸುಬು. ಗ್ಯಾರೇಜಿನ ಗೋಡೆಯಲ್ಲಿ ಆ ಫೋಟೋ ಇದೆ. ಅದರ ಕೆಳಗೇ ಮರದ ತುಂಡನ್ನು ಇಟ್ಟಿದ್ದೇನೆ. ಕೇಳಿದವರಿಗೆ ಮೂವರನ್ನೂ ಎಣಿಸಿ ತೋರಿಸುತ್ತೇನೆ.