ಬಂದೆ ಎಂಬ ಮಾತು

ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಇಂದಿಗೂ ಪುಣೆಯ ರವಿವಾರದ ಬೆಳಗು ನೆನಪಾಗುತ್ತದೆ. ಕಸಬಾ ಪೇಠೆಯ ಹಳೆಯ ವಾಡೆಯೊಂದರಲ್ಲಿ ನಮ್ಮದು ಬಾಡಿಗೆಯ ಮನೆ. ಅಲ್ಲಿನ ಕಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ಅಪ್ಪನ ತಮ್ಮ ವಸಂತ ಕಾಕಾ ತೊಗಲಿನ ಚೆಂಡಿಗೆ ಎಣ್ಣೆ ತಿಕ್ಕುತ್ತಿದ್ದ. ವಾರವೆಲ್ಲ ದೌಂಡಿಗೆ ಹೋಗಿ ಬರುವ ರೈಲ್ವೆ ಗುಮಾಸ್ತ ಅವನು. ರವಿವಾರ ಮಾತ್ರ ನಮಗೆ ರಗ್ಬಿ ಕಲಿಸುವ ಗುರು. ಎರಡೂ ತುದಿ ಚೂಪಾದ ಆ ಚೆಂಡನ್ನು ಕಂಡರೆ ಅಜ್ಜಿಗೆ ಆಗುತ್ತಿರಲಿಲ್ಲ. “ಯಾವ ಹಕ್ಕಿ ತತ್ತಿನೋ ಏನೋ, ದೇವರ ಕೋಣಿ ಕಡೆ ತರಬ್ಯಾಡಪಾ ಅದನ್ನ,” ಎನ್ನುತ್ತಿದ್ದಳು. ಒಲೆಯ ಮುಂದಿನಿಂದಲೇ ಮತ್ತೆ ಕೂಗುತ್ತಿದ್ದಳು: “ವಸಂತಾ, ರೊಟ್ಟಿ ಆರತಾವ, ಬಾರೋ.” ಕಾಕಾ “ಬಂದೆ” ಅನ್ನುತ್ತಿದ್ದ. ಕೂತಲ್ಲಿಂದ ಏಳುತ್ತಿರಲಿಲ್ಲ.

ಈಗ ಮಾಲುಗಳು ನಿಂತಿರುವ ವಿಮಾನ ನಗರದ ಕಡೆ ಆಗ ಬರೀ ಬಯಲು. ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ನನ್ನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಪೇಠೆಯ ಮರಾಠಿ ಹುಡುಗರು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಿದ್ದವರಿಗೇ ಕೊಡಬೇಕು. ಹಾಗಾಗಿ ಚೆಂಡು ಹಿಡಿದು ಓಡುವವನ ಬೆನ್ನಿಗೆ ಯಾರಾದರೂ ಓಡುತ್ತಲೇ ಇರಬೇಕು. ನಾವೋ ಕಬಡ್ಡಿ ಆಡಿ ಬೆಳೆದವರು; ಒಬ್ಬ ದಾಳಿಗೆ ಹೋದರೆ ಉಳಿದವರು ಗೆರೆಯ ಈಚೆ ನಿಂತು ಹುರಿದುಂಬಿಸುವುದಷ್ಟೇ ಗೊತ್ತು. ಓಡುವವನು ತಿರುಗಿ ನೋಡಿದರೆ ವೇಗ ಕಳೆದುಕೊಳ್ಳುತ್ತಾನೆ, ಅದಕ್ಕೇ ಅವನ ಹಿಂದೆ ಬಂದವನು ‘ಆಲೋ’ ಎಂದು ಕೂಗಬೇಕು ಎಂದು ಕಾಕಾ ಕಲಿಸಿದ್ದ. ಆಲೋ ಅಂದರೆ ಬಂದೆ. ಕೆಟ್ಟದ್ದು ಅಲ್ಲಿಯೇ. ಮರಾಠಿ ಮನೆಯಲ್ಲೂ ನಮ್ಮ ಮನೆಯಲ್ಲೂ ಆ ಮಾತನ್ನು ಯಾರು ತಾನೇ ಎದ್ದು ನಿಂತು ಆಡಿದ್ದರು? ನಾನು ಚೆಂಡು ಹಿಡಿದು ಓಡಿದರೆ ಹಿಂದಿನಿಂದ ಆಲೋ ಆಲೋ ಎಂದು ಜಾತ್ರೆಯಷ್ಟು ಗದ್ದಲ. ಮೈಮೇಲೆ ಎದುರಿನ ನಾಲ್ವರು ಬಿದ್ದ ಮೇಲೆ ಕಣ್ಣು ಬಿಟ್ಟು ನೋಡಿದರೆ ನಮ್ಮವನೊಬ್ಬನೂ ಹತ್ತಿರವಿಲ್ಲ.

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಪಕ್ಕದ ವಾಡೆಯ ಸಂದ್ಯಾ. ಸಿಟ್ಟು ನೆತ್ತಿಗೇರಿದರೆ ಕಾಕಾನಿಗೆ ಮರಾಠಿ ಮರೆತು ಹೋಗುತ್ತಿತ್ತು. “ಬಂದೆ ಅಂದ್ರ ಬಂದಿರಬೇಕಲೇ! ಎಲ್ಲಿ ಬಂದೀ ನೀ? ಅಲ್ಲೇ ಬೇರು ಬಿಟ್ಟು ನಿಂತೀಯಲ್ಲಾ, ಹುಣಸಿ ಗಿಡದಂಗ!” ಅಷ್ಟರಲ್ಲಿ ತಲೆಯ ಮೇಲೊಂದು ವಿಮಾನ ಹಾದರೆ, ಎತ್ತಿದ ಕೈ ಹಾಗೇ ಹಿಡಿದು ಸದ್ದು ಅಡಗುವ ತನಕ ಕಾಯ್ದು, ಬಿಟ್ಟ ಮಾತಿನಿಂದಲೇ ಬೈಗುಳ ಮುಂದುವರಿಸುತ್ತಿದ್ದ. “ಕಾಯ ಮ್ಹಣತಾತ ರೇ ಸರ್?” ಸರ್ ಏನಂತಿದ್ದಾರೋ ಎಂದು ಸಂದ್ಯಾ ನನ್ನನ್ನು ಕೇಳುತ್ತಿದ್ದ. ಸ್ವಲ್ಪ ಮುಂದೆ ಬಾ ಅಂತಿದ್ದಾರೆ ಎಂದಷ್ಟೇ ನಾನು ಮರಾಠಿಯಲ್ಲಿ ಹೇಳುತ್ತಿದ್ದೆ. ಸೈಕಲ್ ಹತ್ತುವಾಗ ಕಾಕಾ ಗೊಣಗುತ್ತಿದ್ದ: “ಗೆಲ್ಲೋದು ಬ್ಯಾಡೋ ನನಗ. ಒಮ್ಮೆ, ಒಂದ ಸಲ, ಇವರು ಖರೇನ ಬಂದದ್ದು ನೋಡಬೇಕು.”

ಕಂಟೋನ್ಮೆಂಟಿನ ಹುಡುಗರ ಮೇಲೆ ಆಡಿದ ಕೊನೆಯ ಪಂದ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಚೆಂಡು ಮುಟ್ಟಿಸಬೇಕಾದ ಗೆರೆ ಹತ್ತಿರವೇ ಇತ್ತು. ಇಬ್ಬರು ನನ್ನ ಸೊಂಟ ಹಿಡಿದಿದ್ದರು. ಹಿಂದಿನಿಂದ ಸಂದ್ಯಾನ ‘ಆಲೋ’ ಕೇಳಿತು. ಕಾಕಾ ಕಲಿಸಿದಂತೆ, ತಿರುಗಿ ನೋಡದೆ ಚೆಂಡು ಕೊಟ್ಟೆ. ಅದು ಖಾಲಿ ನೆಲಕ್ಕೆ ಬಿದ್ದು ಅಡ್ಡಾದಿಡ್ಡಿ ಪುಟಿಯಿತು. ಎದುರಿನವರು ಎತ್ತಿಕೊಂಡು ಓಡಿದರು. ಸಂದ್ಯಾ ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಾಕಾ ಅವತ್ತು ಬೈಯಲಿಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಎಣ್ಣೆಯ ಬಾಟಲಿ ಮುಟ್ಟಲಿಲ್ಲ. ಅಜ್ಜಿ ಊಟಕ್ಕೆ ಕರೆದಾಗ ಬಂದೆ ಎನ್ನಲೂ ಇಲ್ಲ.

ಮುಂದೆ ಬಯಲಿಗೆ ತಂತಿಬೇಲಿ ಬಂತು. ಅಜ್ಜಿ ಹೋದಳು. ವಾಡೆ ಕೆಡವಿದರು, ಮೆಟ್ಟಿಲ ಕಟ್ಟಿಗೆ ಯಾರ ಪಾಲಾಯಿತೋ. ಕೆಲವು ವರ್ಷಗಳ ಮೇಲೆ ಕಾಕಾನೂ ಹೋದ. ಅವನ ಬಾಡಿಗೆ ಮನೆಯ ಓಣಿಯೊಳಗೆ ಗಾಡಿ ಬರುವಂತಿರಲಿಲ್ಲ. ಚಟ್ಟ ಹೊತ್ತು ದೊಡ್ಡ ರಸ್ತೆಗೆ ನಡೆದೆವು. ಅರ್ಧ ದಾರಿಯಲ್ಲಿ ನನ್ನ ಹೆಗಲು ಸೋತಿತು. ಯಾರನ್ನೂ ಕರೆಯಲಿಲ್ಲ. ಕಿವಿಯ ಹತ್ತಿರವೇ, ಮೆಲ್ಲಗೆ, ‘ಆಲೋ’ ಎಂದಿತು ಒಂದು ದನಿ. ತಿರುಗಿ ನೋಡದೆ ಹೆಗಲು ಜಾರಿಸಿದೆ, ಬಿದಿರು ಅಲುಗಲಿಲ್ಲ. ಹೊಟ್ಟೆ ಬಂದ, ಕೂದಲು ಉದುರಿದ ಸಂದ್ಯಾ ಅಲ್ಲಿದ್ದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಪೇಠೆಯ ಅದೇ ಹುಡುಗರು, ಒಬ್ಬರ ಬೆನ್ನಿಗೊಬ್ಬರು, ನಡಿಗೆ ನಿಲ್ಲಿಸದೆ ಹೆಗಲು ಬದಲಿಸುತ್ತಿದ್ದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು, ಅವರ ಮೇಲಲ್ಲ, ಕಾಕಾನ ಮೇಲೆ. ಅಷ್ಟು ವರ್ಷ ಕೂಗಿ ಕೂಗಿ ಕರೆದವನು, ಎಲ್ಲರೂ ಬಂದ ಹೊತ್ತಿಗೆ, ಕಣ್ಣು ಮುಚ್ಚಿ ಮಲಗಿದ್ದ.