ಗುಂಡಿಯಕ್ಕ ಮಗುವನ್ನು ಎತ್ತಿಕೊಳ್ಳದ ದಿನ

ಹೊಲಿಗೆ ಅಂಗಡಿಯಲ್ಲಿ ಕಾಜ ಹಾಕುವುದು, ಗುಂಡಿ ಹೊಲಿಯುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗುಂಡಿಯಕ್ಕ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ದಾರದ ತುದಿಯನ್ನು ತುಟಿಗಳ ನಡುವೆ ಒತ್ತಿ, ಎಂಜಲಲ್ಲಿ ಚೂಪು ಮಾಡಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸುವಳು. ಕಣ್ಣು ಮಂಜಾದ ಮಾಸ್ಟರ್ ತನ್ನ ಸೂಜಿಯನ್ನೂ ಅವಳ ಕೈಗೇ ಕೊಡುತ್ತಿದ್ದ.

ಜ್ವರ ಬಂದಾಗ, ಬಿಸಿಲಿಗೆ ಬೆಂದಾಗ ಅವಳ ಕೆಳತುಟಿಯ ಅಂಚಿನಲ್ಲಿ ನೀರುಗುಳ್ಳೆಗಳು ಗೊಂಚಲಾಗಿ ಏಳುತ್ತಿದ್ದವು. ಹಿಂದೊಮ್ಮೆ ಮದುವೆಯ ಮಾತು ನಡೆಯುವಾಗ ಯಾರೋ, “ಅದೇನದು ಬಾಯಲ್ಲಿ, ಕೆಟ್ಟ ರೋಗಾನಾ?” ಎಂದಿದ್ದರು. ಆ ಮಾತು ಎದೆಯಲ್ಲಿ ನಾಟಿತು. ಅಂದಿನಿಂದ ಗುಳ್ಳೆ ಎದ್ದಾಗಲೆಲ್ಲ ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ಹಲ್ಲುನೋವು ಎನ್ನುವಳು. ಮದುವೆಯಾಗಲಿಲ್ಲ. ಒಂದು ಕೋಣೆ, ಒಂದು ಒಲೆ, ದೇವರ ಮುಂದೆ ಒಂದು ದೀಪ.

ತೀರಿಹೋದ ತಂಗಿಯ ಮಗಳಿಗೆ ಗಂಡುಮಗು ಹುಟ್ಟಿತು. ತನ್ನವರು ಎನ್ನಲು ಅವಳಿಗೆ ಇದ್ದದ್ದು ಆ ಹುಡುಗಿ ಒಬ್ಬಳೇ. ಕೂಸನ್ನು ಒಮ್ಮೆ ಮಡಿಲಿಗೆ ಹಾಕಿಕೊಳ್ಳಬೇಕು ಅನ್ನುವುದೇ ಅವಳ ಧ್ಯಾನವಾಯಿತು. ಮೆತ್ತನೆಯ ಬಟ್ಟೆಯಲ್ಲಿ ಅಂಗಿ ಹೊಲಿದಳು. ಮುಗಿಸಿ ಮಡಿಸುವಾಗ ಥಟ್ಟನೆ ನೆನಪಾಯಿತು. ತುಟಿಯಲ್ಲಿ ಗುಳ್ಳೆ ಇತ್ತು, ದಾರವನ್ನೆಲ್ಲ ಬಾಯಿಗಿಟ್ಟೇ ಪೋಣಿಸಿದ್ದಳು.

ಮೊದಲ ಸಲ ಆ ಗುಳ್ಳೆಗಾಗಿ ಡಾಕ್ಟರಮ್ಮನ ಬಳಿ ಹೋದಳು.

“ಅಂಗಿ ತೊಳೆದು ಒಣಗಿಸಿ ಕೊಡಿ, ಅದಕ್ಕೇನೂ ಹೆದರ್ಬೇಡಿ. ಹೆದರ್ಬೇಕಾದ್ದು ತುಟಿಗೆ,” ಎಂದರು ಡಾಕ್ಟರಮ್ಮ. “ಇದೊಂದು ವೈರಸ್ಸು. ಚಿಕ್ಕಂದಿನಲ್ಲಿ ಯಾರೋ ಮುದ್ದು ಮಾಡುವಾಗ ಅಂಟಿರುತ್ತೆ. ಅರ್ಧ ಊರಿಗೇ ಇದೆ, ನೀವೊಬ್ರೇ ಅಲ್ಲ.”

“ಪೂರ್ತಿ ಹೋಗಲ್ವಾ?”

“ಇಲ್ಲಮ್ಮ. ನರದೊಳಗೆ ಮಲಗಿರುತ್ತೆ, ಮೈ ಸೋತಾಗ ಏಳುತ್ತೆ. ತುಟಿ ಚುರುಗುಟ್ಟಿದ ಕೂಡ್ಲೇ ಈ ಮುಲಾಮು ಹಚ್ಚಿದ್ರೆ ಸ್ವಲ್ಪ ಬೇಗ ಒಣಗುತ್ತೆ. ಚುರುಗುಟ್ಟಿದ್ರೆ ಅಂಟೋದೂ ಶುರು ಅಂತ ತಿಳ್ಕೊಳ್ಳಿ. ಹಕ್ಕಳೆ ಉದುರಿ ಚರ್ಮ ಕೂಡೋ ತನಕ ಲೋಟ, ಟವೆಲ್ ಬೇರೆ ಇಡಿ. ಮುಟ್ಕೊಂಡ್ರೆ ಸೋಪಲ್ಲಿ ಕೈ ತೊಳೀರಿ. ದೊಡ್ಡವರಿಗೆ ಇದು ಬರೀ ಕಿರಿಕಿರಿ, ಎಳೆಗೂಸಿಗೆ ಮಾತ್ರ ಜೀವಕ್ಕೇ ಕುತ್ತು ಬರಬಹುದು. ಗುಳ್ಳೆ ಇಲ್ದಿದ್ರೂ ಮುತ್ತು ಕೊಡ್ಬೇಡಿ.”

“ದಾರಕ್ಕೆ?”

ಡಾಕ್ಟರಮ್ಮ ನಕ್ಕರು. “ದಾರಕ್ಕೂ ಎಂಜಲು ಬೇಡ.”

ಮರುದಿನ ಬೆಂಚಿನ ಮೇಲೆ ನೀರಿನ ಬಟ್ಟಲು ಬಂತು.

“ಏನಕ್ಕ, ಗುಬ್ಬಿ ಸಾಕಿದ್ದೀಯಾ?” ಎಂದ ಮಾಸ್ಟರ್.

“ನಾನೇ ಗುಬ್ಬಿ. ಕೊಡಿ ನಿಮ್ಮ ಸೂಜಿ.”

ತುಟಿ ವಾಸಿಯಾಗಿ ನುಣುಪಾದ ಮೇಲೆ, ತೊಳೆದು ಒಣಗಿಸಿದ ಅಂಗಿಯನ್ನು ಚೀಲದಲ್ಲಿಟ್ಟು, ರಜೆ ಹಾಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮುಖಕ್ಕೆ ಬಿಸಿಲು. ತಂಗಿಯ ಮಗಳ ಮನೆಯ ಮೆಟ್ಟಿಲು ಹತ್ತುವಾಗ ಕೆಳತುಟಿಯ ಅಂಚು ಚುರುಗುಟ್ಟಿತು. ಮುಟ್ಟದೆ ನಿಂತಳು. ಮತ್ತೆ ಚುರುಗುಟ್ಟಿತು. ನೋಡಿದವರಿಗೆ ಏನೂ ಕಾಣುವಂತಿರಲಿಲ್ಲ.

“ಬಾ ದೊಡ್ಡಮ್ಮ! ಈಗ ನೆನಪಾಯ್ತಾ? ತಗೋ, ಎತ್ಕೋ.”

ಚಾಚಿದ ಕೈಗಳನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. “ಬೇಡ.”

“ಯಾಕೆ? ನನ್ನ ಮಗು ಕಂಡ್ರೆ ಆಗಲ್ವಾ ನಿಂಗೆ?”

ಹಲ್ಲುನೋವು ಎನ್ನಬಹುದಿತ್ತು. ಆದರೆ ಹಲ್ಲುನೋವಿಗೆ ಯಾರೂ ಮಗುವನ್ನು ದೂರ ಇಡುವುದಿಲ್ಲ.

“ನನ್ನ ತುಟೀಲಿ ಗುಳ್ಳೆ ಏಳ್ತಿದೆ, ಪುಟ್ಟಿ. ಆವಾಗಾವಾಗ ಬರುತ್ತೆ. ಕೂಸಿಗೆ ಅಂಟಿದ್ರೆ ಕಷ್ಟ.”

ಹುಡುಗಿ ಮಗುವನ್ನು ಎದೆಗವಚಿ ಒಂದು ಹೆಜ್ಜೆ ಹಿಂದೆ ಸರಿದಳು. ಸರಿಯಬೇಕಾದದ್ದೇ. ಆದರೂ ಗುಂಡಿಯಕ್ಕನ ಕಣ್ಣು ತುಂಬಿತು.

“ಅಲ್ಲೇ ಕೂತ್ಕೋ ದೊಡ್ಡಮ್ಮ, ಹೋಗ್ಬೇಡ,” ಎಂದು ಹುಡುಗಿ ಕೋಣೆಯ ಆ ಬದಿಯಲ್ಲೇ ಮಗುವಿಗೆ ದೊಡ್ಡಮ್ಮ ತಂದ ಅಂಗಿ ತೊಡಿಸಿದಳು. “ಅಯ್ಯೋ, ಗುಂಡಿಯಕ್ಕ ಹೊಲಿದ ಅಂಗೀಲಿ ಗುಂಡೀನೇ ಇಲ್ಲ!”

“ಒತ್ತುತ್ತೆ ಅಂತ ಲಾಡಿ ಇಟ್ಟೆ.”

ಅಂಗಿ ಅಳತೆ ತೆಗೆದು ಹೊಲಿದ ಹಾಗೆ ಮೈಗೆ ಕೂತಿತ್ತು. “ವಾಸಿಯಾದ ಕೂಡ್ಲೇ ಬಾ. ಇವನನ್ನ ನಿನ್ನ ಮಡಿಲಿಗೇ ಹಾಕ್ತೀನಿ,” ಎಂದಳು ಹುಡುಗಿ.

ಸಂಜೆ ಕೋಣೆಗೆ ಮರಳಿ ಮುಲಾಮು ಹಚ್ಚಿ, ಕೈ ತೊಳೆದು, ದೀಪ ಹಚ್ಚಿದಳು. ತುಟಿಯ ಸುದ್ದಿಯನ್ನು ದೇವರಲ್ಲಿ ಎತ್ತಲಿಲ್ಲ. ಹಕ್ಕಳೆ ಉದುರುವ ಮೊದಲೇ ಆ ಅಂಗಿ ಚಿಕ್ಕದಾಗದಿರಲಿ ಎಂದಷ್ಟೇ ಬೇಡಿಕೊಂಡಳು.