ಅತ್ತೆಯ ಗುರುವಾರ

ನಮ್ಮ ಸೋಲಾಪುರದ ಪೇಟೆಯಲ್ಲಿ ಆರೋಗ್ಯ ವಿಮೆ ಮಾಡಿಸುವ ಏಜೆಂಟರೇ ಮಕ್ಕಳಿಗೆ ಮದುವೆಯ ಸೋಯರಿಕೆಯನ್ನೂ ತರುತ್ತಾರೆ. ಅವರ ಚೀಲದಲ್ಲಿ ಪಾಲಿಸಿ ಫಾರ್ಮಿನ ಜೊತೆಗೇ ಗಂಡುಗಳ ಫೋಟೊಗಳೂ ಇರುತ್ತವೆ. ಅಂಥವರ ಮುಂದೆ ಮನೆಯವರ ಕಾಯಿಲೆ ಹೇಳುವಷ್ಟು ಹುಚ್ಚು ಯಾರಿಗಿದೆ?

ಒಂದು ಮಧ್ಯಾಹ್ನ ಅಂಥ ಏಜೆಂಟರೊಬ್ಬರು ನಮ್ಮ ಚಾದರದ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕುಳಿತು ಎರಡು ಪ್ಲಾನು ತೋರಿಸಿದರು. ಒಂದು ಅಗ್ಗದ್ದು. ಇನ್ನೊಂದು ತುಟ್ಟಿ, ಆದರೆ ಮೊದಲೇ ಇರುವ ಕಾಯಿಲೆಗೂ ಕೆಲಕಾಲ ಕಾದ ಮೇಲೆ ಖರ್ಚು ಕೊಡುವಂಥದ್ದು.

"ಯಾರಿಗರೆ ಬಿಪಿ, ಶುಗರ್ ಅದ ಏನ್ರಿ?"

"ಯಾರಿಗೂ ಏನೂ ಇಲ್ರಿ," ಎಂದರು ನಮ್ಮ ಅತ್ತೆ, ಏಜೆಂಟರು ಕೇಳಿ ಮುಗಿಸುವ ಮೊದಲೇ. ನನ್ನ ಮಗಳಿಗೆ ವರ ನೋಡುತ್ತಿದ್ದ ದಿನಗಳವು. ನಾನೂ ತಲೆಯಾಡಿಸಿದೆ. ಅಗ್ಗದ ಪ್ಲಾನಿನ ಫಾರ್ಮು ಸಹಿಗಾಗಿ ಕಪಾಟಿನಲ್ಲಿ ಕುಳಿತಿತು.

ಅತ್ತೆ ಗುರುವಾರ ತಪ್ಪದೆ ಅಕ್ಕಲಕೋಟೆಗೆ ದೇವರ ದರ್ಶನಕ್ಕೆ ಒಬ್ಬರೇ ಹೋಗುತ್ತಿದ್ದರು. ಆ ವಾರ ಅವರು ಬೇಡವೆಂದರೂ ಕೇಳದೆ ನಾನೂ ಬಸ್ಸು ಹತ್ತಿದೆ. ಕಿಟಕಿಯಾಚೆ ಜೋಳದ ಹೊಲಗಳು ಒಂದೇ ಸಮನೆ ಹಿಂದಕ್ಕೆ ಸರಿಯುತ್ತಿದ್ದವು. ಅರೆನಿದ್ದೆ, ಅರೆಬಿಸಿಲು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ದಾರಿಯಲ್ಲಿ ಅತ್ತೆಯ ಪಕ್ಕ ಕುಳಿತು ಬಂದದ್ದು ನಿನ್ನೆಯದೋ ಇಂದಿನದೋ ತಿಳಿಯದಂತಾಯಿತು.

ದರ್ಶನವಾದ ಮೇಲೆ ಅತ್ತೆ ನನ್ನನ್ನು ಗುಡಿಯ ಹೊರಗೆ ಕೂರಿಸಿ ಎಲ್ಲಿಗೋ ಹೊರಟರು. ಆ ಮಂಪರಿನಲ್ಲೇ ಹಿಂದೆ ನಡೆದೆ. ಒಂದು ಔಷಧದ ಅಂಗಡಿಯವನು, ಅವರು ಬಾಯಿ ತೆರೆಯುವ ಮುನ್ನವೇ, ಶುಗರ್ ಗುಳಿಗೆಯ ಪೊಟ್ಟಣ ಕೈಗಿಟ್ಟ.

ಅತ್ತೆ ತಿರುಗಿದರು. ನನ್ನನ್ನು ನೋಡಿ ಅಲ್ಲೇ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಎಷ್ಟ್ ವರ್ಷ ಆತ್ರಿ ಅತ್ತಿ?"

"ನಿನ್ನ ಮಗಳು ಸಾಲಿಗಿ ಹೊಂಟಾಗಿಂದ. ಮನಿತನದಾಗ ಸಕ್ಕರಿ ಬ್ಯಾನಿ ಅದ ಅಂದ್ರ ಕೂಸಿನ್ನ ಯಾರ್ ಮಾಡ್ಕೋತಾರವಾ?"

ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಹಬ್ಬಹಬ್ಬಕ್ಕೂ ಒಲ್ಲೆ ಎಂದರೂ ಬಿಡದೆ ಅವರ ತಟ್ಟೆಗೆ ಎರಡನೇ ಹೋಳಿಗೆ ಹಾಕಿದವಳು ನಾನೇ.

"ಸುಳ್ಳು ಬರದ್ರ ನಾಳಿ ದವಾಖಾನಿ ಖರ್ಚು ವಿಮಾದವರು ಕೊಡಂಗಿಲ್ರಿ. ನಿಮ್ಮನ್ನ ಹಂಗ ಬಿಟ್ಟು ನಾ ಮಗಳ ಮದುವಿ ಮಾಡಂಗಿಲ್ಲ," ಎಂದೆ, ಬೀದಿಯೆನ್ನುವುದನ್ನೂ ಮರೆತು.

ಅತ್ತೆ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಮಗುವಿನ ಹಾಗೆ ನಿದ್ದೆಹೋದರು. ಅಲುಗಾಡಿದರೆ ಎಚ್ಚರವಾದೀತೆಂದು ಸೋಲಾಪುರ ಬರುವ ತನಕ ನಾನು ಕೈ ಕೂಡ ಸರಿಸಲಿಲ್ಲ.

ಮರುದಿನ ಏಜೆಂಟರನ್ನು ಕರೆಸಿದೆ. ಹಳೆಯ ಫಾರ್ಮು ಹರಿದೆ. ಹೇಗೆ ಮಾತು ತೆಗೆಯಲಿ ಎಂದು ನಾನು ತಡವರಿಸುತ್ತಿರುವಾಗ ಅತ್ತೆಯೇ ಒಳಗಿನಿಂದ ಬಂದು ಎದುರಿಗೆ ಕುಳಿತರು.

"ಬರ್ಕೋರಿ, ನನಗ ಶುಗರ್ ಅದ. ಆ ತುಟ್ಟಿ ಪ್ಲಾನ್ ಮಾಡ್ರಿ. ಮತ್ತ ಮೊಮ್ಮಗಳ ಮಾತು ಆಡೋ ಮುಂದ ಇದನ್ನೂ ಹೇಳ್ರಿ."

ಏಜೆಂಟರು ತಲೆಯೆತ್ತದೆ ಬರೆದುಕೊಂಡರು. ಆ ವಾರ ಬರಬೇಕಿದ್ದ ಒಂದು ಸೋಯರಿಕೆ ಬರಲಿಲ್ಲ. ಬರದಿದ್ದರೆ ಅತ್ತ ಹೋಗಲಿ.

ಮುಂದಿನ ಗುರುವಾರ ಬೆಳಿಗ್ಗೆ ನೋಡಿದರೆ ಅತ್ತೆ ಮತ್ತೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗುಳಿಗಿ ಈಗ ಇಲ್ಲೇ ಬಾಜೂಕ ಸಿಗ್ತಾವಲ್ರಿ ಅತ್ತಿ, ಅಲ್ಲಿತನಕ ಯಾಕ್ರಿ?"

"ಇಷ್ಟ್ ವರ್ಷ ದೇವರ ಹೆಸರ್ಲೆ ಗುಳಿಗಿಗಿ ಹೋದ್ನಿ," ಎಂದರು ಚಪ್ಪಲಿ ಮೆಟ್ಟುತ್ತ. "ಇವತ್ತರೆ ದೇವರಿಗಿ ಹೋಗೂಣು, ನಡಿಯವಾ."